ಹಳದಿ ಚೀಟಿ

ಆ ರಸ್ತೆಗೆಲ್ಲ ಅಣ್ಣ ಎಂದರೆ ಒಬ್ಬನೇ, ತಮ್ಮ ಎಂದರೆ ಒಬ್ಬನೇ. ಅಂಗಡಿಗಳಿಗೆ ಬೋರ್ಡು ಬರೆದುಕೊಡುವ ಆ ಕಾರ್ಖಾನೆಯ ಯಜಮಾನನನ್ನು ಅವನಿಗಿಂತ ಹಿರಿಯರೂ ಅಣ್ಣ ಎನ್ನುತ್ತಿದ್ದರು. ಅವನ ಒಡಹುಟ್ಟಿದವನನ್ನು, ಕಿವಿಯ ಮೇಲಿನ ಕೂದಲು ನರೆತ ಮೇಲೂ, ಶಾಲೆಗೆ ಹೋಗುವ ಮಕ್ಕಳು ಸಹ ‘ತಮ್ಮ ಅಂಕಲ್’ ಎಂದೇ ಕರೆಯುತ್ತಿದ್ದರು. ಕರೆದರೆ ಕರೆಯಲಿ, ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ಆಸಾಮಿ ಅವನಲ್ಲ. ಅವನ ಬೇಜಾರೇ ಬೇರೆ ಇತ್ತು.

ಎದುರು ರಸ್ತೆಯ ಫ್ಲೆಕ್ಸ್ ಪ್ರೆಸ್ಸಿನವನು ಅವನನ್ನು ಕೆಲಸಕ್ಕೆ ಕರೆದಿದ್ದ. ಕಂಪ್ಯೂಟರಿನ ಮುಂದೆ ಕೂತು ಅಕ್ಷರ ಜೋಡಿಸುವ ಕೆಲಸ, ಮೈಗೆ ಬಣ್ಣ ಹತ್ತುವುದಿಲ್ಲ, ಸಂಬಳ ತಪ್ಪುವುದಿಲ್ಲ. ಈ ವಾರದೊಳಗೆ ಹೂಂ ಅನ್ನಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದ. ವಾರ ಮುಗಿಯುತ್ತ ಬಂದಿತ್ತು. ತಮ್ಮ ಹೂಂ ಎಂದೂ ಅಂದಿರಲಿಲ್ಲ, ಉಹೂಂ ಎಂದೂ ಅಂದಿರಲಿಲ್ಲ. ಅಣ್ಣನಿಗಂತೂ ಈ ಸುದ್ದಿಯ ಗಾಳಿಯೂ ಸೋಕದ ಹಾಗೆ ನೋಡಿಕೊಂಡಿದ್ದ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು ಅವನದು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಹೋಗುವ ಆಸೆ ಇತ್ತೇ ಎಂದರೆ, ದೇವರಾಣೆಗೂ ಇರಲಿಲ್ಲ. ಬ್ರಷ್ಷು ಬಿಟ್ಟು ಬೇರೇನು ಹಿಡಿದರೂ ಅವನ ಕೈಗೆ ಒಗ್ಗುತ್ತಿರಲಿಲ್ಲ. ಆದರೆ ಇಲ್ಲಿ ಇರುವುದಾದರೂ ಹೇಗೆ? ತಮ್ಮ ಬೆಳಗಿನಿಂದ ಬೆನ್ನು ಬಗ್ಗಿಸಿ ಒಂದು ಬೋರ್ಡು ಬರೆದಿಟ್ಟು ಊಟಕ್ಕೆ ಹೋದನೋ, ವಾಪಸು ಬರುವಷ್ಟರಲ್ಲಿ ಅದರ ಅರ್ಧ ಅಕ್ಷರ ಮಾಯ. ಅಣ್ಣ ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ಅದೇ ಜಾಗದಲ್ಲಿ ತಾನೇ ಮತ್ತೆ ಬರೆಯುತ್ತ ಕೂತಿರುತ್ತಿದ್ದ. ಬೈಯುತ್ತಿರಲಿಲ್ಲ ಪುಣ್ಯಾತ್ಮ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಸ್ವಲ್ಪ ವಾಲಿತ್ತು ಕಣೋ, ಎನ್ನುತ್ತಿದ್ದ, ಅದೂ ಮೆಲ್ಲಗೆ, ಮಗುವಿನ ಮೂಗು ಒರೆಸುವವರ ದನಿಯಲ್ಲಿ.

ಹೀಗೆ ಒರೆಸಿ ಬರೆದು, ಬರೆದು ಒರೆಸಿ, ಹೇಳಿದ ದಿನಕ್ಕೆ ಕೆಲಸ ಕೊಟ್ಟದ್ದೇ ಅಪರೂಪ. ಔಷಧಿ ಅಂಗಡಿಯವನು ಕಾದು ಕಾದು, ಅಂಗಡಿ ತೆರೆದ ದಿನ ಬಾಗಿಲಿಗೆ ರಟ್ಟಿನ ಮೇಲೆ ಹೆಸರು ಗೀಚಿ ಕಟ್ಟಿಕೊಂಡ. ಶಾಲೆಯ ಹೆಡ್ ಮಿಸ್ಸು ಬೋರ್ಡಿನ ಮೇಲೆ ಏಳೆಂಟು ಸಾಲು ಬೇಕೆಂದಾಗ, ಇದು ಬೋರ್ಡೋ ಪಾಠವೋ ಎಂದು ಅಣ್ಣ ಅವರ ಮುಖಕ್ಕೇ ಕೇಳಿದ. ಇಬ್ಬರೂ ಆಮೇಲೆ ಪ್ರೆಸ್ಸಿನ ಮೆಟ್ಟಿಲು ಹತ್ತಿದರು. ಹತ್ತದೆ ಇನ್ನೇನು ಮಾಡುತ್ತಾರೆ ಹೇಳಿ? ಹೀಗೇ ನಡೆದರೆ ವರ್ಷ ತಿರುಗುವಷ್ಟರಲ್ಲಿ ಕಾರ್ಖಾನೆಗೆ ಬೀಗ ಬೀಳುವುದು ಎಲ್ಲರಿಗೂ ಗೊತ್ತಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ತಮ್ಮನಿಗಂತೂ ಅದು ಈ ಜನ್ಮದಲ್ಲಿ ಆಗದ ಮಾತು. ಅಪ್ಪ ತೀರಿಕೊಂಡಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಣ್ಣನೇ ಸಾಕಿದ, ಅಣ್ಣನೇ ಕೈಮೇಲೆ ಕೈಯಿಟ್ಟು ಅಕ್ಷರ ಕಲಿಸಿದ. ಅಂಥವನ ಎದುರು ನಿಂತು, ನನ್ನ ಅಕ್ಷರ ಮುಟ್ಟಬೇಡ ಎನ್ನುವುದು ಹೇಗೆ? ಎಷ್ಟೋ ಸಲ ಮನಸ್ಸು ಗಟ್ಟಿ ಮಾಡಿಕೊಂಡು ಎದುರಿಗೆ ಹೋಗಿ, ಕಾಫಿ ಬೇಕಾ ಅಣ್ಣ, ಎಂದು ಕೇಳಿ ವಾಪಸು ಬಂದಿದ್ದ. ಹೆಂಡತಿಗೂ ಕೇಳಿ ಕೇಳಿ ಸಾಕಾಗಿತ್ತು. ಹೇಳುವುದಿದ್ದರೆ ಹೇಳು, ಹೋಗುವುದಿದ್ದರೆ ಹೋಗು, ನಡುವೆ ನಿಂತು ನನ್ನ ತಲೆ ತಿನ್ನಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು.

ಇಂಥ ಹೊತ್ತಿನಲ್ಲಿ ಅಣ್ಣನ ಮಗಳು ರಜೆ ಹಾಕಿ ಬಂದಳು. ಅವಳಿಗೆ ದೊಡ್ಡ ಕಂಪನಿಯೊಂದರಲ್ಲಿ ಕೆಲಸ. ಮುಂದೆ ಏನು ಮಾಡಬೇಕು, ಹೇಗೆ ಮಾಡಬೇಕು ಎಂದು ಯೋಜನೆ ಹಾಕುವುದೇ ಅವಳ ಕೆಲಸವಂತೆ. ಊರಾಚೆ ಏಳುತ್ತಿದ್ದ ಹೊಸ ಆಸ್ಪತ್ರೆಯವರು ಅಲ್ಲಿನ ಪ್ರತಿಯೊಂದು ಬಾಗಿಲಿಗೂ ಮರದಲ್ಲಿ ಕೆತ್ತಿ ಬಣ್ಣ ತುಂಬಿದ ಬೋರ್ಡು ಬೇಕೆಂದು ಕೇಳಿದ್ದರು. ಮರುದಿನ ಕಾರ್ಖಾನೆ ನೋಡಲು ಬರುವವರಿದ್ದರು. ಬರೀ ಅಕ್ಷರದ ಅಂದ ನೋಡಿ ಹೋಗುವ ಜನ ಅವರಲ್ಲ, ಇಷ್ಟು ಕೆಲಸವನ್ನು ಹೇಳಿದ ದಿನಕ್ಕೆ ಹೇಗೆ ಮುಗಿಸುತ್ತೀರಿ ಎಂದು ಕೇಳಿಯೇ ಕೇಳುತ್ತಾರೆ, ಉತ್ತರ ಇಲ್ಲದಿದ್ದರೆ ಎದ್ದು ಹೋಗುತ್ತಾರೆ ಎಂದಳು ಮಗಳು. ಈ ಕೆಲಸ ಸಿಕ್ಕರೆ ಕಾರ್ಖಾನೆ ಉಳಿಯಿತು, ಇಲ್ಲದಿದ್ದರೆ ಗೋವಿಂದ. ಅದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಮಧ್ಯಾಹ್ನದ ಊಟವಾದ ಮೇಲೆ ಅವಳು ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಅದನ್ನು ನಾಲ್ಕು ಮನೆ ಮಾಡಿದಳು. ಒಂದರಲ್ಲಿ ಬಲ, ಒಂದರಲ್ಲಿ ಕೊರತೆ, ಕೆಳಗಿನ ಎರಡರಲ್ಲಿ ಅವಕಾಶ ಮತ್ತು ಅಪಾಯ. ಗೆರೆ ಸೊಟ್ಟಗಿದೆ ಎಂದು ಅಣ್ಣ ಎದ್ದು ಅಳತೆಪಟ್ಟಿ ತರಲು ಹೊರಟ. ಅಪ್ಪ, ಕೂತ್ಕೋ, ಎಂದಳು. ಅವನು ಕೂತ, ಆದರೆ ಕಣ್ಣು ಆ ಗೆರೆಯ ಮೇಲಿಂದ ಕದಲಲಿಲ್ಲ.

ಕೂತವರು ನಾಲ್ವರು. ಅಣ್ಣ, ತಮ್ಮ, ಅಕ್ಷರಕ್ಕೆ ಚಿನ್ನದ ರೇಕು ಅಂಟಿಸುವ ಅತ್ತಿಗೆ, ಮತ್ತೆ ಅಣ್ಣ ಗೀಚಿಕೊಟ್ಟ ಅಕ್ಷರವನ್ನು ಮರದಲ್ಲಿ ಕೆತ್ತುವ ಬಡಗಿ. ಈ ಬಡಗಿ ಮಾತಿನಲ್ಲಿ ಮಹಾ ಜಿಪುಣ. ನಮ್ಮ ಬಲ ಯಾವುದು ಎಂದು ಮಗಳು ಕೇಳಿದಾಗ, ಅಣ್ಣನ ಅಕ್ಷರ ಎಂದು ಮೂವರೂ ಒಂದೇ ಉಸಿರಿಗೆ ಹೇಳಿದರು. ಕೊರತೆ ಯಾವುದು ಎಂದು ಕೇಳಿದಾಗ ಅತ್ತಿಗೆ ಸೆರಗಿನ ಅಂಚನ್ನು ಹೊಸದಾಗಿ ಕಂಡವಳಂತೆ ನೋಡಿಕೊಂಡಳು. ಕೊನೆಗೆ ಬಡಗಿ ಕೆಮ್ಮಿ, ಫ್ಯಾನು ಸದ್ದು ಮಾಡುತ್ತೆ ಎಂದ. ಮಗಳು ಪಾಪ ಅದನ್ನೇ ಕೊರತೆಯ ಮನೆಯಲ್ಲಿ ಬರೆದಳು.

ಆಮೇಲೆ ಅವಳು ಒಂದು ಉಪಾಯ ಮಾಡಿದಳು. ಕೈಗೊಂದು ಹಳದಿ ಚೀಟಿ ಕೊಟ್ಟು, ಕೊರತೆ ಏನು ಅನ್ನುವುದನ್ನು ಇದರಲ್ಲಿ ಬರೆದು ಮಡಚಿ ಹಾಕಿ, ಹೆಸರು ಬರೆಯಬೇಡಿ ಎಂದಳು. ಅವರ ಆಫೀಸಿನಲ್ಲಿ ಹಾಗೇ ಮಾಡುತ್ತಾರಂತೆ, ಬಾಯಿ ಬಿಡದವರೂ ಬಿಡುತ್ತಾರಂತೆ. ಅಕ್ಷರದ ಗುರುತು ಸಿಗುತ್ತೆ ಅಂತ ಅಂಜಿಕೆ ಇದ್ದರೆ ಬೇರೆ ಥರ ಬರೆಯಿರಿ ಎಂದೂ ಸೇರಿಸಿದಳು. ಬೋರ್ಡು ಬರೆಯುವವರ ಮನೆಯಲ್ಲಿ ಹುಟ್ಟಿ ಬೆಳೆದವಳು ಹಾಗೆ ಹೇಳಬಾರದಿತ್ತು. ಹೇಳಿಬಿಟ್ಟಳು.

ತಮ್ಮ ಚೀಟಿ ಹಿಡಿದು ಮರದ ಹಲಗೆಗಳ ಹಿಂದೆ ಹೋಗಿ ನಿಂತ. ಇದೊಂದೇ ದಾರಿ ಅನ್ನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಾತು ಅಣ್ಣನ ಕಿವಿಗೆ ಬೀಳಬೇಕು, ಆಡಿದವನು ಯಾರೆಂದು ಮಾತ್ರ ಗೊತ್ತಾಗಬಾರದು. ಆದರೆ ತನ್ನ ಅಕ್ಷರವನ್ನು ಅಣ್ಣ ಕತ್ತಲಲ್ಲಿ ತಡವಿದರೂ ಗುರುತು ಹಿಡಿಯುತ್ತಾನೆ. ತಮ್ಮನ ಅಕ್ಷರಗಳು ಬಸ್ಸು ತಪ್ಪೀತೆಂದು ಓಡುವವರಂತೆ ಬಲಕ್ಕೆ ವಾಲುತ್ತಿದ್ದವು. ಬೇರೆ ಯಾರ ಥರ ಬರೆಯುವುದು? ಯೋಚಿಸುವ ಮೊದಲೇ ಕೈ ತಾನಾಗಿ ಓಡಿತು. ಎಳೆವಯಸ್ಸಿನಿಂದ ಯಾರ ಅಕ್ಷರದ ಮೇಲೆ ತಿದ್ದಿ ತಿದ್ದಿ ಕಲಿತಿತ್ತೋ, ಅದೇ ಅಕ್ಷರ. ಅಣ್ಣನ ಅಕ್ಷರದಲ್ಲೇ ಅಣ್ಣನ ಮೇಲೆ ದೂರು! ಅಣ್ಣ ತನ್ನನ್ನು ತಾನೇ ಬೈದುಕೊಂಡನೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ ಎಂಬ ಪ್ರಶ್ನೆ ತಮ್ಮನಿಗೆ ಹೊಳೆದದ್ದು ಚೀಟಿ ಡಬ್ಬಕ್ಕೆ ಬಿದ್ದ ಮೇಲೆ.

ಡಬ್ಬವೆಂದರೆ ಖಾಲಿಯಾದ ಪ್ರೈಮರ್ ಡಬ್ಬ. ಚೀಟಿಯನ್ನು ವಾಪಸು ತೆಗೆದುಬಿಡೋಣ ಎಂದು ಅವನ ಬೆರಳು ತುಡಿದವು. ಅಷ್ಟರಲ್ಲಿ ಅಣ್ಣ ಬಂದು ತನ್ನದನ್ನೂ ಹಾಕಿದ. ಅವನು ಕಿಟಕಿ ಹತ್ತಿರದ ಮೇಜಿನಲ್ಲಿ ತುಂಬ ಹೊತ್ತು ಕೂತು ಬರೆದಿದ್ದ. ಹಾಕುವಾಗ ತಮ್ಮನ ಮುಖ ನೋಡಲಿಲ್ಲ.

ಮಗಳು ಮೊದಲ ಚೀಟಿ ಬಿಡಿಸಿದಳು. ಬಂದವರ ಹತ್ತಿರ ಜಗಳ ಆಡುವುದು, ಎಂದಿತ್ತು. ಓದಿ ಮುಗಿಸಿ ಅವಳು ಹುಬ್ಬು ಗಂಟಿಕ್ಕಿದಳು. ಎರಡನೆಯದರಲ್ಲಿ, ಒಂದೇ ಬೋರ್ಡನ್ನು ಮೂರು ಮೂರು ಸಲ ಒರೆಸಿ ಬರೆಯುವುದು, ಎಂದಿತ್ತು. ಮೂರನೆಯದು ತಮ್ಮನದು. ಬೇರೆಯವರ ಅಕ್ಷರ ಮುಟ್ಟದೆ ಇದ್ದರೆ ಕೆಲಸ ಹೊತ್ತಿಗೆ ಮುಗಿಯುತ್ತದೆ. ಮಗಳು ಮೂರನ್ನೂ ಸಾಲಾಗಿ ಮೇಜಿನ ಮೇಲಿಟ್ಟು ಒಮ್ಮೆ ಅವುಗಳನ್ನೂ ಒಮ್ಮೆ ಅಪ್ಪನನ್ನೂ ನೋಡಿದಳು.

“ಅಪ್ಪ, ಇವೆಲ್ಲಾ ನೀನೇ ಬರೆದ್ಯಾ?”

ಎಲ್ಲರೂ ಬಗ್ಗಿ ನೋಡಿದರು. ಮೂರೂ ಅಣ್ಣನ ಅಕ್ಷರ! ದುಂಡಗೆ, ನೇರವಾಗಿ, ಬೋರ್ಡಿನ ಮೇಲಿಂದ ಇಳಿಸಿಟ್ಟ ಹಾಗೆ. ಅತ್ತಿಗೆ ಬಡಗಿಯನ್ನು ನೋಡಿದಳು, ಬಡಗಿ ತಮ್ಮನನ್ನು ನೋಡಿದ, ತಮ್ಮ ನೆಲ ನೋಡಿದ. ಯಾರಿಗೆ ಯಾರು ಏನೆಂದು ಹೇಳುವುದು? ಅಡಗಿಕೊಳ್ಳಲೆಂದು ಮೂವರೂ ಒಬ್ಬನ ಬೆನ್ನ ಹಿಂದೆಯೇ ಓಡಿದ್ದರು, ಆ ಬೆನ್ನೋ ಹೊಡೆಯಬೇಕಾಗಿದ್ದ ಬೆನ್ನೇ. ಇವರಿಗೆಲ್ಲ ಅಕ್ಷರ ಕಲಿಸಿದವನು ಒಬ್ಬನೇ, ಇನ್ನು ಕಳ್ಳತನಕ್ಕೆ ಬೇರೆ ಕೈ ಎಲ್ಲಿಂದ ತಂದಾರು?

ಅಣ್ಣ ಕನ್ನಡಕ ಏರಿಸಿ ಚೀಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಈಗ ಸಿಡಿಯುತ್ತಾನೆ ಅಂದುಕೊಂಡ ತಮ್ಮ. ಅಣ್ಣ ಸಿಡಿಯಲಿಲ್ಲ. ಮೊದಲನೆಯದರಲ್ಲಿ ಅಕ್ಷರದ ಹೊಟ್ಟೆ ಸ್ವಲ್ಪ ಹೆಚ್ಚಾಯಿತು ಎಂದ. ಎರಡನೆಯದರಲ್ಲಿ ಪೆನ್ನನ್ನು ಉಳಿಯಂತೆ ಒತ್ತಿದ್ದಾರೆ ಎಂದ. ಬಡಗಿ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ. ಮೂರನೆಯದನ್ನು ಅಣ್ಣ ಬಹಳ ಹೊತ್ತು ಹಿಡಿದುಕೊಂಡ, ಏನೂ ಹೇಳದೆ ಕೆಳಗಿಟ್ಟ.

ಡಬ್ಬದಲ್ಲಿ ಇನ್ನೊಂದು ಚೀಟಿ ಉಳಿದಿತ್ತು. ಮಗಳು ಬಿಡಿಸಿ ಓದಲು ಶುರುಮಾಡಿದವಳು, ನಡುವೆ ದನಿ ಇಳಿಸಿ, ಕೊನೆಯ ಪದಗಳನ್ನು ಗೊಣಗಿದಂತೆ ಮುಗಿಸಿದಳು.

“ಕೊರತೆ ಅಂದ್ರೆ ಅಣ್ಣನೇ. ಎದುರಿಗೆ ಹೇಳೋ ಧೈರ್ಯ ನನಗಿಲ್ಲ.”

ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು. ಅಕ್ಷರಗಳು ಬಲಕ್ಕೆ ವಾಲಿದ್ದವು. ಕಣ್ಣು ಕಾಣದವರಿಗೂ ಗೊತ್ತಾಗುವಂತೆ ಅದು ತಮ್ಮನ ಕೈಬರಹ.

ಅತ್ತಿಗೆ ಅವನ ಕಡೆ ತಿರುಗಿದಳು. ಕೈತುತ್ತು ಹಾಕಿ ಬೆಳೆಸಿದವಳು, ನೀನಾ, ಎನ್ನುವಂತೆ ನೋಡಿದಳು. ತಾನು ಬರೆದಿದ್ದೇನೆಂಬುದು ಆ ಕ್ಷಣಕ್ಕೆ ಅವಳಿಗೆ ಮರೆತೇ ಹೋಗಿತ್ತು, ಇರಲಿ. ತಮ್ಮ ಒಳಗೊಳಗೇ ಲೆಕ್ಕ ಹಾಕಿದ. ನಾನಲ್ಲ ಎನ್ನಬೇಕು. ನಾನಲ್ಲ ಎಂದರೆ, ಹಾಗಾದರೆ ನಿನ್ನದು ಯಾವುದು ಎಂದು ಕೇಳುತ್ತಾರೆ. ಸುಮ್ಮನಿದ್ದರೆ ಇದೇ ನನ್ನದಾಗುತ್ತದೆ. ಸಾಕಿದ ಅಣ್ಣನನ್ನು ಕೊರತೆ ಎಂದವನು, ಅದನ್ನೂ ಹೇಡಿಯಂತೆ ಚೀಟಿಯಲ್ಲಿ ಬರೆದವನು ಎಂದು ಸಾಯುವವರೆಗೂ ಉಳಿಯುತ್ತದೆ. ಇಂದೇ ಪ್ರೆಸ್ಸಿಗೆ ಹೋಗಿಬಿಡಬೇಕು, ತಿರುಗಿ ಈ ಕಡೆ ತಲೆಹಾಕಬಾರದು ಅನ್ನಿಸಿತು. ಕಾಲು ಬಾಗಿಲ ಕಡೆ ತಿರುಗಿಯೂ ಬಿಟ್ಟಿತ್ತು.

ಆದರೆ ಹೊರಡುವ ಮುಂಚೆ ಅವನು ಚೀಟಿಯನ್ನು ಕೈಗೆತ್ತಿಕೊಂಡ. ಯಾರು ತನಗೆ ಹೀಗೆ ಮಾಡಿದರು ಎಂದು ನೋಡಬೇಕಿತ್ತು. ವಾಲು ತನ್ನದೇ, ಬಾಲ ಎಳೆಯುವುದೂ ತನ್ನದೇ, ಅವಸರವೂ ತನ್ನದೇ. ಆದರೆ ಸಾಲು? ಗೆರೆಯಿಲ್ಲದ ಚೀಟಿಯ ಮೇಲೆ ಅಕ್ಷರಗಳು ಕಾಲು ಸಮ ಇಟ್ಟುಕೊಂಡು ನಿಂತಿದ್ದವು, ಕೆಳಗೆ ದಾರ ಕಟ್ಟಿ ಬರೆದ ಹಾಗೆ. ತಮ್ಮನ ಸಾಲು ಹುಟ್ಟಿದಾಗಿನಿಂದ ಒಮ್ಮೆಯೂ ಹಾಗೆ ನೇರ ನಿಂತದ್ದಿಲ್ಲ. ಸೊಟ್ಟ ಸಾಲು ಬರೆಯಬೇಕೆಂದರೂ ಬರೆಯಲಾಗದವನು ಈ ಕಾರ್ಖಾನೆಯಲ್ಲಿ ಒಬ್ಬನೇ.

ತಮ್ಮ ತಲೆಯೆತ್ತಿದ. ಅಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದ. ಒರೆಸುವಂಥದ್ದೇನೂ ಅದರಲ್ಲಿರಲಿಲ್ಲ.

ತಮ್ಮನೊಳಗೆ ಸಿಟ್ಟು ಎದ್ದಿತು, ಜೀವನದಲ್ಲಿ ಮೊದಲ ಸಲ, ಅಣ್ಣನ ಮೇಲೆ. ಅದು ಏಳುತ್ತಿದ್ದ ಹಾಗೆ ಹೆದರಿಕೆಯೂ ಜೊತೆಗೇ ಎದ್ದಿತು. ಆದರೆ ಬಾಯಿ ಆಗಲೇ ತೆರೆದಾಗಿತ್ತು.

“ಇದನ್ನೂ ನೀನೇ ಬರೆದುಬಿಟ್ಟೆಯಲ್ಲ ಅಣ್ಣ,” ಎಂದ. “ನನ್ನ ಬೋರ್ಡು ಒರೆಸಿ ನೀನು ಬರೆದೆ, ಸುಮ್ಮನಿದ್ದೆ. ಈಗ ನಾನು ಆಡಬೇಕಾದ ಮಾತನ್ನೂ ನೀನೇ ಬರೀತೀಯಾ? ಹಾಗಾದ್ರೆ ನಾನು ಇಲ್ಲಿ ಇರೋದಾದ್ರೂ ಯಾಕೆ? ಮೂರನೇ ಚೀಟಿ ನಂದು. ನನ್ನ ಮಾತು ಅದು. ನನ್ನ ಅಕ್ಷರ ಮುಟ್ಟಬೇಡ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಮೇಜಿನ ಅಂಚು ಹಿಡಿದುಕೊಂಡು ನಿಂತ. ಅತ್ತಿಗೆ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದಳು. ಫ್ಯಾನು ತನ್ನ ಪಾಡಿಗೆ ಕಿರುಗುಟ್ಟುತ್ತಿತ್ತು.

ಅಣ್ಣ ಕನ್ನಡಕ ಹಾಕಿಕೊಂಡ. ಕೋಪ ಅವನ ಮುಖದಲ್ಲಿರಲಿಲ್ಲ. ಎಷ್ಟೋ ದಿನದಿಂದ ನಿದ್ದೆಗೆಟ್ಟವನ ಮುಖ ಅದು, ತಮ್ಮ ಅದನ್ನು ಇಷ್ಟು ದಿನ ನೋಡಿಯೇ ಇರಲಿಲ್ಲ.

“ಪ್ರೆಸ್ಸಿನವನು ಮೊದಲು ನನ್ನ ಹತ್ರನೇ ಬಂದಿದ್ದ ಕಣೋ,” ಎಂದ. “ನಿಮ್ಮ ತಮ್ಮನ್ನ ಕರ್ಕೊಂಡ್ರೆ ಬೇಜಾರಿಲ್ಲ ತಾನೇ ಅಂತ ಕೇಳಿದ. ಅವನಿಷ್ಟ ಅಂದೆ. ಆಮೇಲೆ ನೀನು ಬಂದು ಹೇಳ್ತೀಯ ಅಂತ ದಿನಾ ಕಾದೆ. ನೀನು ಬರ್ತಿದ್ದೆ, ಕಾಫಿ ಬೇಕಾ ಅಂತಿದ್ದೆ, ಹೋಗ್ತಿದ್ದೆ. ಜಗಳ ಆಡಿ ಹೋದವನು ಒಂದಲ್ಲ ಒಂದು ದಿನ ವಾಪಸು ಬರ್ತಾನೆ. ಏನೂ ಹೇಳದೆ ಹೋದವನು ಬರಲ್ಲ. ನನಗೆ ಭಯ ಆಯ್ತು. ನೀನು ಬಾಯಿ ಬಿಡಲಿ ಅಂತಲೇ ನಿನ್ನ ಅಕ್ಷರದಲ್ಲಿ ಬರೆದೆ.”

ಅಣ್ಣನಿಗೂ ಭಯವಾಗುತ್ತದೆ ಎಂಬುದು ತಮ್ಮನಿಗೆ ಹೊಸ ಸಂಗತಿ. ಅವನ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಆದರೂ ಇಲ್ಲಿ ಕರಗಿಬಿಟ್ಟರೆ ನಾಳೆ ಮತ್ತೆ ಅದೇ ಬಟ್ಟೆ, ಅದೇ ಟರ್ಪೆಂಟೈನ್ ವಾಸನೆ. ಅಷ್ಟು ಅವನಿಗೆ ಗೊತ್ತಿತ್ತು.

ಹೋಗ್ತೀಯಾ ಎಂದು ಅಣ್ಣ ಕೇಳಿದ. ನನ್ನ ಬೋರ್ಡು ನನ್ನದಾಗೇ ಉಳಿದರೆ ಹೋಗುವುದಿಲ್ಲ ಎಂದ ತಮ್ಮ. ಹೇಳಿದವನು ತಾನೇ ಹೌದೋ ಎಂದು ಅವನಿಗೇ ಅನುಮಾನ ಬಂತು. ಮಗಳು ಅಪ್ಪನ ಮುಖ ನೋಡುತ್ತಿದ್ದಳು. ಅವಳ ಕೈಯಲ್ಲಿ ಪೆನ್ನಿತ್ತು, ಗೋಡೆಯ ಹಾಳೆಯಲ್ಲಿ ಕೊರತೆಯ ಮನೆಯಲ್ಲಿ ಇನ್ನೂ ಫ್ಯಾನು ಒಂದೇ ಇತ್ತು.

ಅಣ್ಣ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದ, ಬಿಟ್ಟರೆ ಎಲ್ಲಿ ಹೋಗಿ ಏನು ಒರೆಸೀತೋ ಎಂಬ ಹಾಗೆ. ಕೊನೆಗೆ, ಆಸ್ಪತ್ರೆಯವರು ಬಂದಾಗ ನೀನೇ ಮಾತಾಡು ಎಂದ. ಎಷ್ಟು ದಿನದಲ್ಲಿ ಆಗುತ್ತದೋ ನೀನೇ ಹೇಳು. ಅಕ್ಷರವೂ ನಿನ್ನದೇ ಇರಲಿ, ಬಡಗಿ ಅದನ್ನೇ ಕೆತ್ತಲಿ, ನಾನು ಒಳಗೆ ಬಣ್ಣ ಕಲಸಿಕೊಂಡಿರುತ್ತೇನೆ. ಇದನ್ನು ಹೇಳುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಬಡಗಿ ಮಾತ್ರ ತಲೆಯಾಡಿಸಿ, ಆಗಲಿ ಅಣ್ಣಾ ಎಂದ.

ಇನ್ನು ತಮ್ಮ ಕುಣಿದಾಡಬೇಕಿತ್ತು. ಬೇಡಿದ್ದು ಕೈಗೆ ಬಂದಿತ್ತು. ಆದರೆ ಅವನು ಹಿಡಿದ ಮೇಜಿನ ಅಂಚು ಬಿಡಲಿಲ್ಲ. ಇಷ್ಟು ವರ್ಷ ಅವನು ಬರೆದದ್ದು ಯಾವುದೂ ಅವನದಾಗಿ ಬೀದಿಗೆ ಹೋಗಿರಲಿಲ್ಲ, ನಿಜ. ಆದರೆ ಅವನ ತಪ್ಪೂ ಒಂದಾದರೂ ಬೀದಿಗೆ ಹೋಗಿರಲಿಲ್ಲ. ಈ ಕೆಲಸ ಸಿಕ್ಕರೆ ಆಸ್ಪತ್ರೆಯ ಅಷ್ಟೂ ಬಾಗಿಲುಗಳ ಮೇಲೆ ಅವನ ಅಕ್ಷರ ಕೂರುತ್ತದೆ. ನೋವು ಹೊತ್ತುಕೊಂಡು ಬಂದವರು ಅದನ್ನು ನೋಡಿಕೊಂಡು ದಾರಿ ಹುಡುಕಬೇಕು. ಅದು ಮರದಲ್ಲಿ ಕೆತ್ತಿದ್ದು, ಬಟ್ಟೆಯಿಂದ ಒರೆಸುವಂಥದ್ದಲ್ಲ.

“ಅಣ್ಣ,” ಎಂದ, ಚಿಕ್ಕಂದಿನಲ್ಲಿ ಕತ್ತಲಾದಾಗ ಕರೆಯುತ್ತಿದ್ದ ದನಿಯಲ್ಲಿ. “ಮತ್ತೆ ವಾಲಿದ್ರೆ?”

ಅಣ್ಣನ ಕೈ ಮೇಜಿನ ಮೇಲಿನ ಬಟ್ಟೆಯ ಕಡೆ ಸರಿದು, ಅರ್ಧದಲ್ಲೇ ನಿಂತಿತು. ಒಂದು ಅಕ್ಷರ ವಾಲಿದರೂ ಅನ್ನ ಸೇರದ ಮನುಷ್ಯ.

“ವಾಲಿದ್ರೆ ವಾಲಲಿ ಬಿಡೋ,” ಎಂದ. “ಓದೋಕೆ ಬರುತ್ತೆ.”

ಇಷ್ಟು ಹೇಳಿ ಅವನು ಬಣ್ಣ ಕಲಸುವ ಕೋಣೆಗೆ ಎದ್ದು ಹೋದ. ಅಲ್ಲಿ ಅವನು ಸೊರಸೊರ ಮೂಗು ಒರೆಸಿಕೊಳ್ಳುವುದು ಹೊರಗಿನವರಿಗೆಲ್ಲ ಕೇಳಿಸಿತು.